ನೊರಜು ಕಟ್ಟುತ್ತಿದ್ದ ನರ್ಸಮ್ಮ

ನರ್ಸಮ್ಮನ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಾಗಿತ್ತು. ಉಳಿದವನ್ನೆಲ್ಲ ಆಸ್ಪತ್ರೆಯ ಅಭ್ಯಾಸದಂತೆ ಬುಡಕ್ಕೆ ಕತ್ತರಿಸಿಕೊಳ್ಳುತ್ತಿದ್ದರು. ಆ ಒಂದು ಉಗುರಿನಿಂದ ನವಿಲುಗರಿಯ ಎಳೆಯ ಮೇಲಿನ ನವಿರನ್ನು ಸವರಿ ತೆಗೆದರೆ, ಒಳಗಿನ ದಂಟು ನೊರಜಿನ ಹೊಟ್ಟೆಯಂತೆ ಪಟ್ಟೆಪಟ್ಟೆಯಾಗಿ ಕಾಣಿಸುತ್ತಿತ್ತು.

ಲಕ್ಷ್ಮೀಪುರಂನಲ್ಲಿ ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಎದೆಯೆತ್ತರದ ಗೋಡೆಯೊಂದೇ ಅಡ್ಡ. ನಾವು ಲಿಂಗವಂತರು, ಅವರು ಕ್ರೈಸ್ತರು. ಮದುವೆಯಾಗದ ಹೆಂಗಸು. ವಯಸ್ಸನ್ನೆಲ್ಲ ಊಟಿಯ ಆಸ್ಪತ್ರೆಯಲ್ಲಿ ಕಳೆದು, ಹುಟ್ಟಿದ ಊರೆಂದು ಮೈಸೂರಿಗೆ ಮರಳಿದ್ದರು. ಊಟಿಯಲ್ಲಿ ಸೊಂಟ ಮುರಿದು ಮಲಗಿದ್ದ ಒಬ್ಬ ದೊರೆಸಾನಿ ಹೊತ್ತು ಹೋಗಲೆಂದು ಟ್ರೌಟ್ ಮೀನಿಗೆ ಹುಳ ಕಟ್ಟುತ್ತಿದ್ದರಂತೆ. ನಿಜವಾದ ಹುಳವಲ್ಲ. ಎಳ್ಳಿನ ಗಾತ್ರದ ಗಾಳದ ಮೇಲೆ ರೇಷ್ಮೆ ದಾರ, ಗರಿ ಸುತ್ತಿ, ನೀರಿನ ಮೇಲೆ ಕೂತ ನೊರಜೇ ಎಂದು ಮೀನು ನಂಬುವ ಹಾಗೆ ಮಾಡಿದ್ದು. ಆರೈಕೆ ಮಾಡುತ್ತಲೇ ನರ್ಸಮ್ಮ ಆ ವಿದ್ಯೆ ಕಲಿತರು. ಕೊನೆಗೆ ದೊರೆಸಾನಿಗಿಂತ ಅವರ ಕೈಯೇ ನಯವಾಯಿತು. ಮೈಸೂರಿಗೆ ಬಂದ ಮೇಲೂ ಬೇಸಿಗೆಗೆ ಮುಂಚೆ ಊಟಿಯ ಮೀನು ಹಿಡಿಯುವವರಿಗೆ ಅವರು ಕಟ್ಟಿದ ಹುಳುಗಳ ಒಂದು ಡಬ್ಬಿ ಹೋಗುತ್ತಿತ್ತು.

ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಗೆ ಗಾಜಿನ ಲೋಟ ಹಿಡಿದು ಹೋಗುತ್ತಿದ್ದರು. ಕಚ್ಚದ ನೊರಜುಗಳು ಅಲ್ಲಿ ಹೊಗೆಯಂತೆ ಮೇಲೆದ್ದು ಆಡುತ್ತವೆ. ಲೋಟದಲ್ಲಿ ಒಂದೆರಡನ್ನು ಹಿಡಿದು ತಂದು ಭೂತಗನ್ನಡಿಯ ಕೆಳಗಿಟ್ಟು ನೋಡುವುದು, ನೋಡಿದಂತೆ ಕಟ್ಟುವುದು. ಬೀದಿಯವರು ನಗುತ್ತಿದ್ದರು. ನರ್ಸಮ್ಮ ಮಾತ್ರ ಹಾಲಿನವನನ್ನು ಬಯ್ಯಲು ಬಾಯಿ ತೆರೆದಷ್ಟು ಇನ್ಯಾವುದಕ್ಕೂ ತೆರೆಯುತ್ತಿರಲಿಲ್ಲ.

ನನ್ನ ಮೊದಲ ಮಗು ನಡೆಯಲು ಕಲಿಯುವ ಹೊತ್ತಿಗೆ ಗಂಟಲು ಬೇನೆಯಿಂದ ತೀರಿಕೊಂಡಿತು. ಅದರ ಪಕ್ಕ ಕೊನೆಯವರೆಗೂ ಕೂತಿದ್ದವರು ನರ್ಸಮ್ಮ. ಆಮೇಲೆ ಬಂದವರೆಲ್ಲ ನನಗೆ ಸಮಾಧಾನ ಹೇಳಿದರು. ಶಿವ ಕೊಟ್ಟಿದ್ದ, ಶಿವನೇ ಕರೆದುಕೊಂಡ ಎಂದರು. ಇನ್ನೂ ವಯಸ್ಸಿದೆ ಎಂದರು. ನಾನು ಮಾತು ಬಿಟ್ಟೆ. ಅತ್ತೆಯವರು ತುತ್ತು ಕಲಸಿ ಕೊಟ್ಟರೆ ತಿನ್ನುತ್ತಿದ್ದೆ, ಇಲ್ಲದಿದ್ದರೆ ಹಿತ್ತಲ ಒಗೆಯುವ ಕಲ್ಲಿನ ಮೇಲೆ ಕೂತೇ ಇರುತ್ತಿದ್ದೆ. ಹಾಗೇ ತಿಂಗಳುಗಳು ಕಳೆದವು.

ಒಂದು ಮಧ್ಯಾಹ್ನ ಗೋಡೆಯ ಮೇಲಿಂದ ನರ್ಸಮ್ಮನ ತಲೆ ಕಾಣಿಸಿತು.

“ನಂಗೆ ಕಣ್ಣು ಸಾಲ್ತಿಲ್ಲ ಕಣಮ್ಮ. ಈ ಹುಳುವಿನ ಮೀಸೆ ಎಂಥದು ಅಂತ ಬಂದು ನೋಡಿ ಹೇಳ್ಬುಡು.”

ಮಗುವಿನ ಮಾತಿಲ್ಲ, ಮರುಕವಿಲ್ಲ. ಯಾಕೆ ಎದ್ದು ಹೋದೆನೋ ಗೊತ್ತಿಲ್ಲ, ಹೋದೆ. ಕನ್ನಡಿಯ ಕೆಳಗೆ ಸತ್ತ ನೊರಜೊಂದು ಬಿದ್ದಿತ್ತು. ಬರಿಗಣ್ಣಿಗೆ ಧೂಳಿನ ಕಣ ಅದು. ಕನ್ನಡಿಯಲ್ಲಿ ಅದರ ತಲೆಯ ಮೇಲೆ ಎರಡು ಪುಟ್ಟ ಗರಿಗಳು ಅರಳಿಕೊಂಡಿದ್ದವು.

“ಗರಿ ಇದೆ,” ಎಂದೆ. ನನ್ನ ದನಿ ನನಗೇ ಬೇರೆಯವರದೆನಿಸಿತು.

“ಹೂಂ. ಹಂಗಿದ್ರೆ ಗಂಡು,” ಎಂದು ನರ್ಸಮ್ಮ ದಾರಕ್ಕೆ ಮೇಣ ಸವರತೊಡಗಿದರು.

ಮರುದಿನವೂ ಹೋದೆ. ದಿನವೂ ಹೋದೆ. “ಮೊದ್ಲು ನೋಡು. ಕೈಗೆ ಅವಸರ ಜಾಸ್ತಿ, ಅದರ ಮಾತು ಕೇಳ್ಬೇಡ,” ಎನ್ನುತ್ತಿದ್ದರು. ಮೀನು ಎಂದಾದರೂ ಹಿಡಿದಿದ್ದೀರಾ ಎಂದು ಕೇಳಿದ್ದಕ್ಕೆ, “ಇಲ್ಲ. ದಡದಲ್ಲಿ ಕೂತು ನೋಡಿದ್ದೀನಿ. ಮೀನು ಬಾಯಿ ಹಾಕ್ದಾಗ ನೀರಿನ ಮೇಲೊಂದು ಬಳೆ ಮೂಡಿ ಅಳಿಸ್ಹೋಗತ್ತೆ, ಅಷ್ಟೆ,” ಎಂದಿದ್ದರು.

ಈ ಹುಳುಗಳು ಮೀನು ಹಿಡಿಯುವುದಕ್ಕೆ ಎಂದು ಯಾರೋ ಅತ್ತೆಯವರ ಕಿವಿಗೆ ಹಾಕಿದರು. ಲಿಂಗಪೂಜೆಯಾಗದೆ ಹನಿ ನೀರು ಮುಟ್ಟದವರು ಅವರು. ನಾನು ನರ್ಸಮ್ಮನ ಪಡಸಾಲೆಯಲ್ಲಿ ಗರಿ ಆರಿಸುತ್ತಿದ್ದಾಗ ನೇರ ಬಂದು ನಿಂತರು.

“ನರ್ಸಮ್ಮ, ಇದರಿಂದ ಮೀನು ಸಾಯ್ತವಾ?”

“ಸಾಯ್ತವೆ, ಅಮ್ಮಾವ್ರೇ. ಸಣ್ಣವನ್ನ ಬಿಟ್ಬುಡ್ತಾರೆ. ಮಿಕ್ಕಿದ್ದು ಸಾಯ್ತವೆ. ನಿಮ್ಮತ್ರ ಸುಳ್ಳು ಹೇಳೋದಿಲ್ಲ.”

ಅತ್ತೆಯವರ ಮುಖ ಬಿಗಿಯಾಯಿತು. ಇನ್ನು ಈ ಮನೆಯ ಋಣ ಮುಗಿಯಿತೆಂದು ನಾನು ಗರಿಗಳನ್ನು ಕೆಳಗಿಟ್ಟೆ. ಅವರು ನನ್ನ ಕಡೆ ನೋಡಲಿಲ್ಲ.

“ಇವಳು ನಿಮ್ಮನೇಲಿ ಮಾತಾಡ್ತಾಳಾ?”

“ಆಡ್ತಾಳೆ.”

“ಏನ್ ಮಾತಾಡ್ತಾಳೆ?”

“ಬೆಳಿಗ್ಗೆಯಿಂದ ಜಗಳ. ಹುಳುವಿನ ಕಾಲು ಕಪ್ಪು ಅಂತೀನಿ ನಾನು. ಅಲ್ಲ, ಕಂದು ಅಂತಾಳೆ ಇವಳು.”

ಅತ್ತೆಯವರು ಅಲ್ಲೇ ಮೆಟ್ಟಿಲ ಮೇಲೆ ಕೂತರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಹಳ ಹೊತ್ತು ಅತ್ತರು. ಮೊಮ್ಮಗುವನ್ನು ಕಳೆದುಕೊಂಡವರು ಅವರೂ ಹೌದೆಂಬುದು ಆವತ್ತಿನವರೆಗೆ ನನಗೆ ಹೊಳೆದಿರಲೇ ಇಲ್ಲ. ಎದ್ದು ಹೋಗುವಾಗ ಹೇಳಿದರು: “ಗಾಳ ಮಾತ್ರ ಮುಟ್ಟೋದು ಬೇಡ ಕಣಮ್ಮ. ಮಿಕ್ಕಿದ್ದು ನೋಡ್ಕೋ.”

ಅಂದಿನಿಂದ ನೋಡುವ ಕೆಲಸ ನನ್ನದು, ಗರಿ ಆರಿಸುವುದು ನನ್ನದು. ಗಾಳಕ್ಕೆ ಕಟ್ಟುವುದು ನರ್ಸಮ್ಮನದು. ಎಷ್ಟೋ ಸಲ ಅತ್ತೆಯವರೂ ಬಂದು ಅದೇ ಮೆಟ್ಟಿಲ ಮೇಲೆ ಹೂ ಕಟ್ಟುತ್ತಾ ಕೂರುತ್ತಿದ್ದರು.

ಮುಂದೆ ನನಗೆ ಮಗಳು ಹುಟ್ಟಿದಾಗ ಹೆರಿಗೆ ಮಾಡಿಸಿದವರು ನರ್ಸಮ್ಮನೇ. ಅವಳು ಶಾಲೆಗೆ ಸೇರಿದ ವರ್ಷ ಅವರ ಹೃದಯ ಸೋತಿತು. ನಾನು ಹಗಲೆಲ್ಲ ಅವರ ಮಂಚದ ಬಳಿ ಇರುತ್ತಿದ್ದೆ. ಒಮ್ಮೆ, ಏನೂ ಆಗೋದಿಲ್ಲ, ಗುಣವಾಗ್ತೀರಿ ಎಂದು ಶುರುಮಾಡಿದೆ.

“ಅದೆಲ್ಲ ಬೇಡ ಕಣಮ್ಮ,” ಎಂದರು. “ಸುಮ್ನೆ ಕೂತಿರು. ನೀನು ಕೂತಿರೋದು ನಂಗೆ ಕಾಣ್ಸತ್ತೆ.”

ಕೂತಿದ್ದೆ. ಒಂದು ಬೆಳಿಗ್ಗೆ, ಚರ್ಚಿನ ಗಂಟೆ ಬಾರಿಸಿ ನಿಂತ ಸ್ವಲ್ಪ ಹೊತ್ತಿಗೆ, ಅವರು ಹೋಗಿಬಿಟ್ಟರು. ಮಣ್ಣಿಗೆ ಒಯ್ಯುವಾಗ ಅತ್ತೆಯವರು ಬರಿಗಾಲಲ್ಲಿ ಬೀದಿಯ ಕೊನೆಯವರೆಗೂ ನಡೆದರು.

ಸಾವಾದ ಮನೆಗೆ ಹೋದರೆ ಈಗಲೂ ನನಗೆ ಸಮಾಧಾನದ ಮಾತು ಬರುವುದಿಲ್ಲ. ಹೋದ ಚಳಿಗಾಲ ಎದುರುಮನೆಯ ಹುಡುಗಿ ಗಂಡನನ್ನು ಕಳೆದುಕೊಂಡು ಗೋಡೆ ನೋಡುತ್ತಾ ಕೂತಿದ್ದಳು. ನಾನು ಒಂದು ಮೊರ ಅವರೆಕಾಯಿ ತೆಗೆದುಕೊಂಡು ಹೋಗಿ, ಅವಳ ಪಕ್ಕ ಕೂತು ಬಿಡಿಸತೊಡಗಿದೆ. ಹೊತ್ತು ಇಳಿಯುವ ವೇಳೆಗೆ ಅವಳ ಕೈಯೂ ಮೊರಕ್ಕೆ ಬಂತು.