ಮೀನಿನ ಬೆನ್ನ ಹಿಂದೆ

ಯಾರಾದರೂ ಮನೆಗೆ ಬಂದರೆ ನಾನು ಅವರ ಮುಖ ನೋಡುವ ಮೊದಲು ಅವರ ತಲೆಯ ಹಿಂದಿನ ಗೋಡೆ ನೋಡುತ್ತೇನೆ. ಸುಣ್ಣ ಉದುರಿದೆಯೇ, ಕ್ಯಾಲೆಂಡರು ಸೊಟ್ಟಗಿದೆಯೇ ಎಂದು. ಮದುವೆಯ ಫೋಟೋದಲ್ಲೂ ನನಗೆ ಕಾಣುವುದು ವಧೂವರರ ಹಿಂದೆ ಮರೆತುಬಿಟ್ಟ ಪ್ಲಾಸ್ಟಿಕ್ ಬಕೆಟ್ಟು. ಈ ನಿರಪಾಯಕಾರಿ ಚಟ ಮೊನ್ನೆ ಎರಡು ಮೀನುಗಳ ಪ್ರಾಣಕ್ಕೇ ಬಂದಿತ್ತು.

ಕಂಪ್ಲಿಯ ನಮ್ಮಕ್ಕ, ಭಾವನ ಜೊತೆ ಕಾಶಿಗೆ ಹೊರಟಾಗ ತನ್ನ ಗಾಜಿನ ತೊಟ್ಟಿಯನ್ನೂ ಅದರೊಳಗಿನ ಜೋಡಿ ಗೋಲ್ಡ್ ಫಿಶ್ಶನ್ನೂ ಹೊಸಪೇಟೆಯ ನಮ್ಮ ಮನೆಯಲ್ಲಿ ಬಿಟ್ಟುಹೋದಳು. ತನ್ನ ಒಬ್ಬಳೇ ಮಗಳ ಮದುವೆಯಾದ ವರ್ಷ ಅವಳು ತಂದ ಮೀನುಗಳವು. ಅವನ್ನು ಮಾತಾಡಿಸದೆ ಅಕ್ಕ ಬೆಳಗಿನ ಚಹಾ ಕುಡಿದವಳಲ್ಲ.

"ಲೇ ತಮ್ಮಾ, ಹೊತ್ತಿಗೆ ಸರಿಯಾಗಿ ಕಾಳು ಹಾಕು. ಬ್ಯಾರೆ ಏನೂ ಮಾಡಬ್ಯಾಡ," ಎಂದಿದ್ದಳು.

ಏನೂ ಮಾಡಬೇಡ ಎಂದರೆ ಸಾಕು, ನನ್ನ ಕೈ ಸುಮ್ಮನಿರುವುದಿಲ್ಲ. ತೊಟ್ಟಿಯ ಹಿಂದಿನ ಗಾಜು ಬೋಳು. ಮೀನು ಈಜಿದರೆ ಅದರ ಹಿಂದೆ ನಮ್ಮ ಸ್ವಿಚ್ ಬೋರ್ಡು, ಮೂರು ವೈರು. ಅಕ್ಕ ಬರುವುದರೊಳಗೆ ಒಂದು ಹಿನ್ನೆಲೆ ಮಾಡಿಸಿ ಬೆರಗುಗೊಳಿಸೋಣವೆಂದು ಅಕ್ವೇರಿಯಂ ಅಂಗಡಿಗೆ ಹೋದೆ. ಅಲ್ಲಿದ್ದ ಚಿತ್ರದ ಹಾಳೆಗಳಲ್ಲೆಲ್ಲ ಹವಳದ ಸಮುದ್ರ. ಕಂಪ್ಲಿಯ ನಲ್ಲಿ ನೀರಿನಲ್ಲಿ ಬೆಳೆದ ಮೀನಿಗೆ ಸಮುದ್ರವೇಕೆ? ತೊಟ್ಟಿಯ ಒಳಗೇ ನಿಲ್ಲುವ, ವರ್ಷಗಟ್ಟಲೆ ಬಾಳುವ ಬೆಟ್ಟ ಬೇಕು ಎಂದೆ.

"ಸರ, ಒಳಗ ಏನರ ಇಟ್ರ ಅದು ನೀರಿಗೆ ಏನೂ ಬಿಡಬಾರ್ದು ನೋಡ್ರಿ," ಎಂದ ಅಂಗಡಿಯಾತ. "ಅದೆಲ್ಲ ಬ್ಯಾಡ. ಹೊರಗಿಂದ ಒಂದು ಕರೀ ಹಾಳಿ ಅಂಟಿಸಿ ಸುಮ್ನ ಕುಂದ್ರಿ."

ಹಂಪಿಯ ಪಕ್ಕದಲ್ಲಿ ಹುಟ್ಟಿದವನಿಗೆ ಬಾಳಿಕೆಯ ಪಾಠ ಹೇಳುತ್ತಾನಲ್ಲ ಎಂದು ನನಗೆ ನಗು ಬಂತು. ಕಂಡ ನೆಂಟರಿಗೆಲ್ಲ ಗೋಪುರ ತೋರಿಸಿ, "ಮೇಲಿನ ಗಾರೆಯ ಗೊಂಬೆಗಳ ಕೈಕಾಲು ಹೋಗಿವೆ, ಕೆಳಗಿನ ಕಲ್ಲು ಹಾಗೇ ನಿಂತಿದೆ, ನೋಡಿ" ಎಂದು ಉಪನ್ಯಾಸ ಕೊಡುವವನು ನಾನು. ಆದರೆ ಕಲ್ಲಿನ ಭಾರಕ್ಕೆ ಗಾಜು ಒಡೆದೀತೆಂದು ಹೆದರಿ ಥರ್ಮೊಕೋಲ್ ತಂದೆ. ಚಾಕುವಿನಿಂದ ಕೊರೆದು ಸಂಡೂರಿನ ಬೆಟ್ಟಸಾಲು ಮಾಡಿದೆ. ಸಂಡೂರೆಂದ ಮೇಲೆ ಬೆಟ್ಟ ಕೆಂಪಗಿರಬೇಡವೇ? ಹಬ್ಬ ಬಂದರೆ ಹೊಸ್ತಿಲಿಗೆ, ಗೋಡೆಯ ಬುಡಕ್ಕೆ ಕೆಮ್ಮಣ್ಣು ಬಳಿಯುವ ಮನೆ ನಮ್ಮದು. ಒಮ್ಮೆ ಬಳಿದರೆ ಮುಂದಿನ ಹಬ್ಬದವರೆಗೆ ಚಿಂತೆಯಿಲ್ಲ. ಅದೇ ಕೆಮ್ಮಣ್ಣನ್ನು ಗೋಂದಿನಲ್ಲಿ ಕಲಸಿ ಮೂರು ಸಲ ಬಳಿದೆ. ಹೊಸ್ತಿಲು ನೀರಿನೊಳಗೆ ವಾಸಿಸುವುದಿಲ್ಲ ಎಂಬುದು ಮಾತ್ರ ಹೊಳೆಯಲಿಲ್ಲ.

ಮೀನುಗಳನ್ನು ಬಕೆಟ್ಟಿಗೆ ದಾಟಿಸಿ, ಎರಡು ದಿನ ಒಣಗಿದ ಬೆಟ್ಟವನ್ನು ಸಿಲಿಕಾನ್ ಅಂಟಿನಿಂದ ಒಳಗಾಜಿಗೆ ಅಂಟಿಸಿ, ಅದೂ ಗಟ್ಟಿಯಾದ ಮೇಲೆ ನೀರು ತುಂಬಿ, ಮೀನು ಬಿಟ್ಟು, ಒಗ್ಗರಣೆ ಮಿರ್ಚಿ ತಿನ್ನಲು ಕೂತೆ. ಎರಡನೇ ಮಿರ್ಚಿ ಬಾಯಲ್ಲಿರುವಾಗ ಹೆಂಡತಿ ಕೂಗಿದಳು: "ಏನ್ರೀ, ಇಲ್ಲಿ ಹೊಳಿ ಬಂದೈತಿ, ಬರ್ರಿ ಜಲ್ದಿ!"

ತೊಟ್ಟಿಯೊಳಗೆ ಮಳೆಗಾಲದ ಮೊದಲ ಕೆಂಪು ನೆರೆ. ಬೆಟ್ಟದ ಒಂದು ತುಂಡು ಕಳಚಿ ಮೇಲೆ ತೇಲುತ್ತಿತ್ತು. ಮೀನು ಕಾಣಲೇ ಇಲ್ಲ. ಸರಿಯಾಗಿ ಆಗಲೇ ಅಕ್ಕನ ವಿಡಿಯೊ ಕಾಲ್ ಬರಬೇಕೇ! ಫೋನನ್ನು ದಿಂಬಿನ ಕೆಳಗೆ ತುರುಕಿದೆ. ಮೊಣಕೈವರೆಗೆ ನೀರಿಗೆ ಕೈ ಹಾಕಿ ತಡಕಾಡಿದೆ. ಅಕ್ಕನ ಮುಂದೆ ಏನೆಂದು ನಿಲ್ಲಲಿ? ಅಷ್ಟರಲ್ಲಿ ಅಂಗೈಗೆ ತಣ್ಣಗಿನದೊಂದು ತಾಗಿ ಪಟಕ್ಕನೆ ಒದ್ದುಕೊಂಡಿತು. ಆ ಒದೆತದಷ್ಟು ಸುಖವನ್ನು ಈಚೆಗೆ ನನಗೆ ಯಾವುದೂ ಕೊಟ್ಟಿಲ್ಲ. ಇನ್ನೊಂದು ಮೂಲೆಯಲ್ಲಿ ಸಿಕ್ಕಿತು. ಎರಡೂ ಬಕೆಟ್ಟಿನ ತಿಳಿನೀರಿನಲ್ಲಿ ಬಾಯಿ ತೆರೆದು ಮುಚ್ಚಿ ನನ್ನನ್ನು ಬೈಯುತ್ತಿದ್ದವು. ಬೈಯಲಿ ಎಂದು ಅಲ್ಲೇ ನೆಲದ ಮೇಲೆ ಕೂತು ನಕ್ಕೆ.

ಅಕ್ಕ ವಾಪಸಾದ ಮೇಲೆ ತೊಟ್ಟಿಯನ್ನು ಕಂಪ್ಲಿಗೆ ನಾನೇ ಒಯ್ದು, ಅವಳು ಹೇಳಿದಂತೆ ನಡುಮನೆಯ ಮಧ್ಯದ ಮೇಜಿನ ಮೇಲಿಟ್ಟು, ಎಲ್ಲವನ್ನೂ ಒಪ್ಪಿಕೊಂಡೆ. ಅಕ್ಕ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು.

"ಅಲ್ಲೋ, ಹಿಂದ ಏನರ ಹಾಕಂಗಿದ್ರ ನಾ ಹಾಕ್ತಿದ್ದಿಲ್ಲೇನು? ಈ ಕಡಿ ನಾ ಕುಂದರ್ತೀನಿ, ಆ ಕಡಿ ನಿಮ್ಮ ಭಾವ ಪೇಪರ್ ಓದ್ಕೋಂತ ಕುಂದರ್ತಾರ. ಮಗಳು ಹ್ವಾದ ಮ್ಯಾಲೆ ಹಿಂಗಽ ಚಹಾ ಕುಡೀತೀವಿ."

ನೋಡಿದೆ. ಗಾಜಿನಾಚೆ ಭಾವ ಕೂತಿದ್ದರು. ಮೀನೊಂದು ಅವರ ಮೀಸೆಯ ಮೇಲಿಂದ ನಿಧಾನವಾಗಿ ಸಾಗಿ ಕಿವಿಯ ಹತ್ತಿರ ತಿರುಗಿತು. ಅಕ್ಕನ ಮದುವೆಯಾದ ಮೂವತ್ತು ವರ್ಷದಿಂದ ಬಣ್ಣ ಬಿಡದ ಹಿನ್ನೆಲೆ. ಅದನ್ನು ಮುಚ್ಚಲು ಹೊರಟಿದ್ದೆನಲ್ಲ, ಸದ್ಯ ಬೆಟ್ಟ ಕರಗಿದ್ದಕ್ಕೆ ಉಳಿದುಕೊಂಡೆ.

"ಇಲ್ಲೊಂದು ಅಂಟಿನ ಕಲಿ ಉಳದೈತಿ ನೋಡು," ಅಕ್ಕ ಗಾಜು ಮುಟ್ಟಿ ತೋರಿಸಿದಳು. "ಸರಿಯಾಗಿ ಅವ್ರ ಮುಖದ ಮ್ಯಾಲೆ ಬರ್ತೈತಿ."

ಬ್ಲೇಡು ತರಿಸಿಕೊಂಡು, ಭಾವನ ಮುಖ ಪೂರ್ತಿ ಕಾಣುವವರೆಗೂ ಕೆರೆದೆ.