ಎತ್ತಿನ ಬೆನ್ನ ಮೇಲೆ ನನ್ನ ಗುರುತು

ಬರೆದ ಚಿತ್ರವನ್ನು ಫೋನಿನಲ್ಲಿ ಹತ್ತು ಜನರ ಮುಂದೆ ಹಾಕಿದ ದಿನ ನನಗೆ ಊಟ ರುಚಿಸುವುದಿಲ್ಲ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿರುವುದಿಲ್ಲ. ಯಾರು ನೋಡಿದರು, ಯಾರು ನೋಡಿಯೂ ಸುಮ್ಮನಾದರು, ಸುಮ್ಮನಾದವರು ಯಾಕೆ ಸುಮ್ಮನಾದರು ಎಂದು ಒಲೆಯ ಮುಂದೆ ನಿಂತು ತಲೆ ಕೆಡಿಸಿಕೊಳ್ಳುತ್ತೇನೆ. ಕಡೂರಿನಲ್ಲಿ ನಮ್ಮ ಮನೆಯ ಮುಂಭಾಗದಲ್ಲೇ ಗಂಡನ ಮೋಟಾರ್ ರಿಪೇರಿ ಅಂಗಡಿ. "ಸುಟ್ಟ ಮೋಟಾರಿಗೆ ಬೇಕಾದ್ರೆ ವೈಂಡಿಂಗ್ ಮಾಡ್ತೀನಿ, ನಿನ್ನ ತಲೆಗೆ ಮಾತ್ರ ನನ್ನ ಕೈಲಿ ಆಗಲ್ಲ" ಎಂದು ಅವರು ರೇಗಿಸುತ್ತಾರೆ. ರೇಗಿಸಲಿ. ಸುಟ್ಟ ಮೋಟಾರಿಗೆ ಯಾರೂ ಕೆಳಗೆ ಬಂದು ಕಮೆಂಟ್ ಹಾಕುವುದಿಲ್ಲ.

ನಾನು ಬರೆಯುವುದು ದನಗಳನ್ನು. ಬೇರೆ ಏನೂ ನನಗೆ ಬರುವುದಿಲ್ಲ. ನನ್ನ ತವರು ಎಮ್ಮೆದೊಡ್ಡಿ ಹುಲ್ಲುಗಾವಲಿನ ಅಂಚಿನ ಊರು. ಅಮೃತಮಹಲ್ ದನಗಳು ಸಾಲಾಗಿ ಮೇಯುವುದನ್ನು ನೋಡುತ್ತಲೇ ಬೆಳೆದವಳು. ಆಗ ಹಿತ್ತಿಲ ಗೋಡೆಗೆ ಇದ್ದಿಲಿನಲ್ಲಿ ಬರೆದು ಬೈಸಿಕೊಳ್ಳುತ್ತಿದ್ದೆ, ಈಗ ಟ್ಯಾಬಿನಲ್ಲಿ ಬರೆಯುತ್ತೇನೆ. ಕೊಂಬುಗಳದ್ದೇ ಒಂದು ಪುಟ್ಟ ಪುಸ್ತಕ ಮಾಡಿ ನಾನೇ ನೆಟ್ಟಿನಲ್ಲಿ ಹಾಕಿದ್ದೇನೆ. ಪ್ರಕಾಶಕಿಯೂ ನಾನೇ, ಅಂಗಡಿಯವಳೂ ನಾನೇ, ಗಿರಾಕಿ ಬಾರದ ಹೊತ್ತಿನಲ್ಲಿ ನೊಣ ಹೊಡೆಯುವವಳೂ ನಾನೇ.

ಕಳೆದ ವರ್ಷ ದನಗಳ ಅಭಿಮಾನಿಗಳದ್ದು ಎಂದು ಹೇಳಿಕೊಳ್ಳುವ ಒಂದು ಪೇಜು ನನ್ನ ಚಿತ್ರಗಳನ್ನು ಕದಿಯಲು ಶುರುಮಾಡಿತು. ಮೂಲೆಯಲ್ಲಿದ್ದ ನನ್ನ ಗುರುತನ್ನು ಕತ್ತರಿಸಿ ಎಸೆದು, ತನ್ನ ಹೆಸರು ಹಾಕಿಕೊಂಡು ಬಿಡುತ್ತಿತ್ತು. ನಾನು ಕಣ್ಣು ನೋಯಿಸಿಕೊಂಡು ಬರೆದ ಕರುವಿನ ಕೆಳಗೆ ಜನ ಆ ಪೇಜಿನವನಿಗೆ ಭೇಷ್ ಭೇಷ್ ಎನ್ನುತ್ತಿದ್ದರು. ಇದು ನನ್ನದು ಎಂದು ಬರೆದರೆ ನನ್ನನ್ನೇ ಬ್ಲಾಕ್ ಮಾಡಿದ. ನನಗೆ ಮೈಯೆಲ್ಲ ಉರಿದುಹೋಯಿತು. ಅಂದಿನಿಂದ ಗುರುತನ್ನು ಮೂಲೆಯಿಂದ ಎತ್ತಿ ದನದ ಮೈಮೇಲೆಯೇ ಹಾಕತೊಡಗಿದೆ. ಗುರುತೆಂದರೆ ರಂಗೋಲಿಯ ಮೊದಲ ಎಳೆಯ ಹಾಗೆ ಒಂದು ಸಣ್ಣ ಸುತ್ತು, ಅಷ್ಟೇ. ಅಂದ ಕೆಡಬಾರದೆಂದು ಮೈಬಣ್ಣದಲ್ಲೇ, ಒಂದು ಚೂರು ಕಡುವಾಗಿ ಬರೆಯುತ್ತಿದ್ದೆ. ಈಗ ಕತ್ತರಿಸು ನೋಡೋಣ ಮಗನೇ, ಎತ್ತನ್ನೇ ಎರಡು ಹೋಳು ಮಾಡಬೇಕಾಗುತ್ತದೆ ಎಂದು ಮನಸ್ಸಿನಲ್ಲೇ ಸವಾಲು ಹಾಕಿದೆ.

ನನ್ನ ಸೋದರಮಾವ ತವರೂರಿನಲ್ಲೇ ಇದ್ದಾನೆ. ಅವನ ಜೋಡಿಯಲ್ಲಿ ಒಂದು ಎತ್ತು ಹೊಟ್ಟೆ ಉಬ್ಬರಿಸಿ ಸತ್ತುಹೋಗಿ, ಉಳಿದದ್ದು ಒಂಟಿಯಾಗಿತ್ತು. ಹೊಲಕ್ಕೆ ಟ್ರ್ಯಾಕ್ಟರ್ ಬಂದು ಹೋಗುತ್ತದೆ, ನಿಜ. ಆದರೆ ತೆಂಗಿನ ಸಾಲುಗಳ ನಡುವೆ ಬೇರಿಗೆ ಪೆಟ್ಟಾಗದಂತೆ ಉಳಬೇಕಾದರೆ ಅವನಿಗೆ ಎತ್ತೇ ಆಗಬೇಕು. ಒಂಟಿ ಎತ್ತಿಗೆ ಅದೇ ಎತ್ತರದ, ಅದೇ ಬಣ್ಣದ, ಅದೇ ಕೊಂಬಿನ ಜೊತೆ ಹುಡುಕುವುದು ಹೆಣ್ಣು ಹುಡುಕಿದಷ್ಟೇ ಕಷ್ಟ. ಸಿಗದೇ ಹೋದರೆ ಕೊಟ್ಟಿಗೆಯ ಮುಂದೆ ದಲ್ಲಾಳಿ ಬಂದು ನಿಲ್ಲುತ್ತಾನೆ. ಒಂಟಿ ಎತ್ತನ್ನು ಅವನು ಎಲ್ಲಿಗೆ ಹೊಡೆದುಕೊಂಡು ಹೋಗುತ್ತಾನೆ ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಅಜ್ಜಂಪುರದ ಹತ್ತಿರದ ಒಂದು ಊರಿನಲ್ಲಿ, ಒಬ್ಬ ಅಜ್ಜಿ ಸ್ವಂತ ಕೈಯಲ್ಲಿ ಸಾಕಿದ ಎತ್ತೊಂದು ಇದೇ ರೀತಿ ಜೊತೆಯಿಲ್ಲದೆ ಉಳಿದಿದೆ ಎಂದು ಮಾವನಿಗೆ ತಿಳಿಯಿತು. ಒಳ್ಳೆಯ ಮನೆಯಾದರೆ ಕೊಡುತ್ತೇವೆ ಎಂದಿದ್ದರಂತೆ. ಬಂದು ನೋಡುವ ಮಾತೂ ಆಗಿತ್ತು. ಮಾವ ಕೊಟ್ಟಿಗೆಗೆ ಸುಣ್ಣ ಬಳಿದ. ನನಗೆ ಫೋನ್ ಮಾಡಿ, "ಲೇ, ನಮ್ಮೆತ್ತಿಂದೊಂದು ಚಿತ್ರ ಬರ್ದು ನಿನ್ ಫೋನಲ್ಲಿ ಬಿಡೇ. ಅವ್ರ ಮನೆ ಹುಡುಗ್ರೂ ನೋಡ್ಲಿ, ಎಂಥಾ ಎತ್ತು ಅಂತ" ಎಂದ.

ಅಷ್ಟು ಪ್ರೀತಿಯಿಂದ ನಾನು ಬೇರೆ ಯಾವ ಚಿತ್ರವನ್ನೂ ಬರೆದಿಲ್ಲ. ಬೆಳ್ಳಗಿನ ಮೈ, ಕುತ್ತಿಗೆಗೆ ಬರುಬರುತ್ತ ಬೂದಿ ಬಣ್ಣ, ಹಿಂದಕ್ಕೆ ಬಾಗಿ ಮತ್ತೆ ಮೇಲಕ್ಕೆದ್ದ ಕೊಂಬು, ಅಪರಿಚಿತರನ್ನು ಕಂಡರೆ ಸಿಡಿಯುವ ಆ ಕಣ್ಣು. ಬೆನ್ನಿನ ನಡುವೆ ಅಭ್ಯಾಸದಂತೆ ನನ್ನ ಗುರುತು ಇಟ್ಟೆ. ಕೆಳಗೆ ಮಾವನ ಊರಿನ ಹೆಸರು ಬರೆದು, ಜೊತೆ ಹುಡುಕುತ್ತಿದ್ದೇವೆ ಎಂದು ಸೇರಿಸಿದೆ. ಚಿತ್ರ ಹೋಗುತ್ತಲೇ ಹೋಯಿತು. ನನ್ನ ಯಾವ ಚಿತ್ರವೂ ಅಷ್ಟು ದೂರ ಹೋಗಿರಲಿಲ್ಲ. ನಾನು ಹಿಗ್ಗಿದೆ, ಅವತ್ತು ಊಟವನ್ನೂ ಚೆನ್ನಾಗಿಯೇ ಮಾಡಿದೆ.

ಮರುದಿನ ಬೆಳಿಗ್ಗೆ ಅಕ್ಕಿ ತೊಳೆಯುತ್ತಿದ್ದಾಗ ಒಂದು ಕಮೆಂಟ್ ಬಂತು. "ಬೆನ್ನ ಮೇಲಿನ ಸುಳಿ ನೋಡಿದ್ರಾ? ಇಂಥದ್ದನ್ನ ಮನೇಲಿ ಕಟ್ಕೊಂಡಿರೋರ ಧೈರ್ಯ ಮೆಚ್ಚಬೇಕು."

ದನದ ಮೈಮೇಲೆ ಕೂದಲು ಸುತ್ತಿಕೊಂಡು ಬೆಳೆಯುವ ಜಾಗಕ್ಕೆ ಸುಳಿ ಎನ್ನುತ್ತೇವೆ. ನಮ್ಮ ಕಡೆ ಕೊಳ್ಳುವವರು ಹಲ್ಲು ಎಣಿಸುವ ಮೊದಲು ಸುಳಿ ನೋಡುತ್ತಾರೆ. ಹಣೆಯ ಮೇಲಿದ್ದರೆ ಒಂದು ಫಲ, ಹಿಣಿಲು ಎನ್ನುವ ಹೆಗಲ ಡುಬ್ಬದ ಮೇಲಿದ್ದರೆ ಇನ್ನೊಂದು. ಬೆನ್ನಿನ ನಡುವೆ ಒಂದು ಪಕ್ಕಕ್ಕೆ ಸರಿದಂತೆ ಒಂಟಿ ಸುಳಿ ಇದ್ದರೆ, ಅದನ್ನು ಕಟ್ಟಿಕೊಂಡ ಮನೆಯ ಯಜಮಾನನಿಗೂ ಕೂಡಿ ಹೂಡಿದ ಜೊತೆ ಎತ್ತಿಗೂ ಉಳಿಗಾಲವಿಲ್ಲ ಎನ್ನುತ್ತಾರೆ. ಇದೆಲ್ಲ ನನಗೆ ಗೊತ್ತಿಲ್ಲದ್ದಲ್ಲ, ಚಿಕ್ಕಂದಿನಿಂದ ಕೇಳಿದ್ದೇ. ನಂಬುತ್ತೀಯಾ ಎಂದು ಕೇಳಿದರೆ ನಗುತ್ತೇನೆ. ಆದರೆ ಆ ಕಮೆಂಟ್ ಓದಿ ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ ನಗು ಬರಲಿಲ್ಲ. ಮೈಬಣ್ಣದಲ್ಲಿ, ಕೂದಲಿನ ಹಾಗೇ ಸುತ್ತಿಕೊಂಡು, ಸರಿಯಾಗಿ ಅದೇ ಜಾಗದಲ್ಲಿ ನನ್ನ ಗುರುತು ಕೂತಿತ್ತು. ತೊಳೆದ ಅಕ್ಕಿಯನ್ನೇ ಮತ್ತೆ ತೊಳೆಯುತ್ತ ನಿಂತೆ.

ತಕ್ಷಣ ಪೇಜಿನಿಂದ ಚಿತ್ರವನ್ನೇ ಅಳಿಸಿದೆ. ಅಳಿಸಿ ಏನು ಬಂತು? ತರೀಕೆರೆಯಲ್ಲಿರುವ ಅಕ್ಕ ಮಧ್ಯಾಹ್ನದ ಹೊತ್ತಿಗೆ ಫೋನ್ ಮಾಡಿದಳು. "ಇದು ಮಾವನ ಎತ್ತಲ್ವೇನೇ? ನಮ್ಮನೆಯೋರ ಗ್ರೂಪಿಗೆ ಬಂದೈತೆ. ಸುಳಿ ಸುತ್ತ ಕೆಂಪು ಗೀಟು ಎಳ್ದವ್ರೆ."

ಅದು ಸುಳಿಯಲ್ಲ, ನನ್ನ ಗುರುತು ಎಂದೆ. ಅಕ್ಕ "ಅಯ್ಯೋ ನಿನ್ನ" ಎಂದಷ್ಟೇ ಹೇಳಿದಳು.

ಮಾವನದು ಬಟನ್ ಫೋನು, ಅವನಿಗೆ ಇದಾವುದೂ ಗೊತ್ತಿರಲಾರದು ಎಂದು ಹೇಗೋ ಧೈರ್ಯ ತಂದುಕೊಂಡಿದ್ದೆ. ಸಂಜೆ ಅವನೇ ಫೋನ್ ಮಾಡಿದ.

"ಅಜ್ಜಂಪುರದೋರು ಬರಾಕಿಲ್ಲ ಅಂದ್ಬಿಟ್ರು ಕಣವ್ವ. ಅಂಥ ಎತ್ತಿನ ಜೊತೆಗೆ ನಮ್ಮದನ್ನ ಕಟ್ಟಾಕಿಲ್ಲ ಅಂದ್ರು. ಎಂಥ ಎತ್ತು ಅಂದ್ರೆ ಹೇಳ್ಲಿಲ್ಲ. ನಿನಗೇನಾದ್ರೂ ಗೊತ್ತಾ?"

ಹೇಳಿದೆ. ಕಳ್ಳ ಪೇಜಿನಿಂದ ಹಿಡಿದು ಎಲ್ಲ ಹೇಳಿದೆ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. "ತಡಿ, ಬತ್ತೀನಿ" ಎಂದು ಫೋನನ್ನು ಎಲ್ಲೋ ಇಟ್ಟ. ಮತ್ತೆ ಬಂದಾಗ ಏದುಸಿರು ಬಿಡುತ್ತಿದ್ದ.

"ಮುಟ್ಟಿ ನೋಡ್ಕೊಂಡ್ ಬಂದೆ. ಇಲ್ಲ ಕಣವ್ವ, ಏನೂ ಇಲ್ಲ."

ಕರುವಾಗಿದ್ದಾಗಿನಿಂದ ಆ ಬೆನ್ನನ್ನು ತೊಳೆದವನು ಅವನು. ಅಂಥವನೇ ಎದ್ದುಹೋಗಿ ನೋಡಿ ಬಂದನೆಂದರೆ ಇನ್ನು ಬೇರೆಯವರನ್ನು ಏನೆನ್ನುವುದು? ಒಂದು ಚೂರು ಬಣ್ಣ, ನನ್ನ ಹೆಸರಿನ ಹಟ, ಅದಕ್ಕೆ ಒಂದು ಜೀವ ದಲ್ಲಾಳಿಯ ಪಾಲಾಗಬೇಕೇ ಎಂದು ದಿಗಿಲು ಹತ್ತಿತು.

ಮರುದಿನವೇ ಕಡೂರಿನಲ್ಲಿ ರೈಲು ಹತ್ತಿ ಅಜ್ಜಂಪುರಕ್ಕೆ ಹೋದೆ. ಬೀರೂರು ದಾಟುವವರೆಗೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡೆ, ದಾಟಿದ ಮೇಲೆ ಎಲ್ಲ ಮರೆತುಹೋಯಿತು. ಅಲ್ಲಿಂದ ಆ ಊರಿಗೆ ಹೋದಾಗ, ಎತ್ತು ಸಾಕಿದ ಅಜ್ಜಿ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದರು. ಹಣೆ ತುಂಬ ವಿಭೂತಿ, ಮಾತು ಕಡಿಮೆ. ಮಾವನ ಹೆಸರು ಹೇಳುತ್ತಲೇ ಮುಖ ಬಿಗಿಯಿತು, ಆದರೂ ಕುಡಿಯಲು ಮಜ್ಜಿಗೆ ಕೊಡಿಸಿದರು. ನಾನು ಟ್ಯಾಬು ತೆಗೆದು ಚಿತ್ರ ತೋರಿಸಿದೆ.

"ಇದು ಸುಳಿ ಅಲ್ಲ ಅಜ್ಜಿ, ಚಿತ್ರ ನಂದು ಅನ್ನೋದಕ್ಕೆ ನಾನೇ ಹಾಕಿದ ಗುರುತು. ನೋಡಿ, ತೆಗೀತೀನಿ" ಎಂದು ಬೆರಳಿನಿಂದ ಒತ್ತಿದೆ. ಗುರುತು ಮಾಯವಾಗಿ ಬೆನ್ನು ಹಾಲಿನಂತೆ ಉಳಿಯಿತು. ಗೆದ್ದೆ ಎಂದುಕೊಂಡೆ.

ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿದರು. "ದಲ್ಲಾಳಿಗಳು ಬರೆ ಹಾಕಿ ಸುಳಿ ಮುಚ್ತಾರೆ. ನೀನು ಬೆರಳಲ್ಲೇ ಅಳಿಸ್ಬಿಟ್ಟೆಯಲ್ಲ ತಾಯಿ" ಎಂದರು.

ಎತ್ತನ್ನೇ ಬಂದು ನೋಡಿ, ಕೈಯಿಟ್ಟು ನೋಡಿ ಎಂದು ಬೇಡಿಕೊಂಡೆ.

"ನೀ ಸುಳ್ಳು ಹೇಳೋಳಂಗೆ ಕಾಣಾಕಿಲ್ಲ" ಎಂದರು ಅಜ್ಜಿ. "ಆದ್ರೆ ಈ ಬೀದಿಯೋರ ಫೋನಲ್ಲೆಲ್ಲ ಸುಳಿ ಇರೋ ಎತ್ತೇ ಐತಲ್ಲ. ನಾಳೆ ನಮ್ಮೆತ್ತಿಗೆ ಒಂದು ಕೆಮ್ಮು ಬಂದ್ರೂ, ತಿಳಿದೂ ತಿಳಿದೂ ಕೊಟ್ಟಳು ಮುದುಕಿ ಅಂತಾರೆ. ಅವ್ರಿಗೆಲ್ಲ ಯಾರು ಕೈ ಇಡ್ಸಿ ತೋರ್ಸೋರು?"

ವಾಪಸ್ಸು ಬರುವಾಗ ರೈಲಿನಲ್ಲಿ ಅದೇ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಆ ಸುಳಿ ಫೋನಿನಿಂದ ಫೋನಿಗೆ ಹೋದದ್ದು ನನ್ನಿಂದಲೇ. ಅದು ಹೋದ ದಾರಿಯಲ್ಲೆಲ್ಲ ಇನ್ನೊಂದು ಚಿತ್ರ ಹೋಗಬೇಕು. ನಾನು ಹಾಕಿದರೆ ಹೋಗುವುದಿಲ್ಲ, ನನ್ನ ಪೇಜು ಅಷ್ಟು ದೊಡ್ಡದಲ್ಲ. ದೊಡ್ಡದಿರುವುದು ಆ ಕಳ್ಳನದು.

ಮನೆಗೆ ಬಂದವಳೇ ಎತ್ತನ್ನು ಹೊಸದಾಗಿ ಬರೆದೆ. ಈ ಸಲ ಬೆನ್ನು ಪೂರ್ತಿ ಕಾಣುವ ಹಾಗೆ, ಬೆಳಗಿನ ಬಿಸಿಲಿನಲ್ಲಿ, ಮಾವ ಅದರ ಮೈ ತೊಳೆಯುತ್ತಿರುವಂತೆ. ಊರಿನ ಹೆಸರನ್ನು ಅಂಚಿನಲ್ಲಿ ಬರೆದರೆ ಕತ್ತರಿಸಿಯಾನು ಎಂದು ಕೊಟ್ಟಿಗೆಯ ಗೋಡೆಯ ಮೇಲೆಯೇ ಬರೆದೆ. ನನ್ನ ಗುರುತನ್ನು ಎಲ್ಲಿಯೂ ಇಡಲಿಲ್ಲ. ಹಾಕಿ, ಯಾರಾದರೂ ಹಂಚಿ ಅದು ಅವನ ಕಣ್ಣಿಗೆ ಬೀಳಲೆಂದು ಕಾಯತೊಡಗಿದೆ. ಇಷ್ಟು ದಿನ ಕದ್ದಾರೆಂದು ಹೆದರುತ್ತಿದ್ದವಳು ಈಗ ಕದಿಯದೇ ಹೋದಾರೆಂದು ಹೆದರುತ್ತ ಕೂತೆ. ಬ್ಲಾಕ್ ಮಾಡಿದ್ದರಿಂದ ಆ ಪೇಜು ನನಗೆ ಕಾಣುತ್ತಿರಲಿಲ್ಲ. ಗಂಡನ ಫೋನು ಇಸಿದುಕೊಂಡು ಗಳಿಗೆಗೊಮ್ಮೆ ನೋಡುತ್ತಿದ್ದೆ. "ಕಳ್ಳ ಬರಲಿಲ್ಲ ಅಂತ ಅಳೋ ಮನೆ ಇದೊಂದೇ" ಎಂದರು ಅವರು. ಆದರೂ ಅಂಗಡಿಯಲ್ಲಿ ಕೂತಾಗ ತಾವೂ ನೋಡುತ್ತಿದ್ದರು, ನಾನು ಕಂಡಿದ್ದೇನೆ.

ಒಂದು ಮಧ್ಯಾಹ್ನ ಅವರು ಅಂಗಡಿಯಿಂದಲೇ ಕೂಗಿದರು. "ಕದ್ದ ಕಣೇ!"

ಓಡಿದೆ. ನಮ್ಮ ಎತ್ತು ಅವನ ಪೇಜಿನಲ್ಲಿ ನಿಂತಿತ್ತು. ತನ್ನ ಹೆಸರನ್ನು ಬೆನ್ನ ಮೇಲೆ ಹಾಕಿಬಿಟ್ಟನೇ ಎಂದು ಹುಡುಕಿದೆ. ಕೆಳಗೆ, ಗೊರಸಿನ ಹತ್ತಿರ, ದಪ್ಪ ಹಳದಿ ಅಕ್ಷರದಲ್ಲಿ. ಬೆನ್ನನ್ನು ಮುಟ್ಟಿರಲಿಲ್ಲ. ಜನ ಆಗಲೇ ಅವನಿಗೆ ಭೇಷ್ ಎನ್ನುತ್ತಿದ್ದರು. ನಾನು ಅಂಗಡಿಯ ಸ್ಟೂಲಿನ ಮೇಲೆ ಕೂತು ಅತ್ತೆ. ಸಂತೋಷಕ್ಕೋ ಹೊಟ್ಟೆ ಉರಿಗೋ ಈಗಲೂ ಹೇಳಲಾರೆ, ಎರಡೂ ಇತ್ತು. ನಾಲ್ಕು ದಿನದಲ್ಲಿ ತರೀಕೆರೆಯ ಅಕ್ಕನ ಗಂಡನ ಗ್ರೂಪಿಗೂ ಅದು ತಲುಪಿತು. ಸುಳಿ ಎಲ್ಲಿ, ಆವತ್ತಿನದು ಯಾರೋ ಬೇಕಂತಲೇ ಹಾಕಿದ್ದು ಎಂದು ಅಲ್ಲಿ ಜಗಳವೇ ನಡೆಯಿತಂತೆ.

ಅಜ್ಜಿಯ ಬೀದಿಯ ಫೋನುಗಳಿಗೂ ಚಿತ್ರ ತಲುಪಿ, ಅಜ್ಜಂಪುರದವರು ಸೋಮವಾರ ಮಾವನ ಮನೆಗೆ ಬಂದರು, ನಾನೂ ಹೋಗಿದ್ದೆ. ಸೋಮವಾರ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅವತ್ತು ಅದು ಕೊಟ್ಟಿಗೆಯಲ್ಲೇ ಇರುತ್ತದೆ. ಅಜ್ಜಿ ಯಾರ ಮಾತಿಗೂ ಕಾಯದೆ ನೇರ ಎತ್ತಿನ ಬಳಿ ಹೋದರು. ಅದು ಬುಸುಗುಟ್ಟಿತು. ಮಾವ ಮೂಗುದಾರ ಹಿಡಿದುಕೊಂಡ. ಅಜ್ಜಿಯ ಅಂಗೈ ಹಿಣಿಲಿನಿಂದ ಹಿಂದಕ್ಕೆ ಹೊರಟು, ನಾನು ಗುರುತು ಇಟ್ಟಿದ್ದ ಜಾಗಕ್ಕೆ ಬಂದು ನಿಂತಿತು. ಅಲ್ಲಿ ಏನೂ ಇಲ್ಲ ಎಂದು ಗೊತ್ತಿದ್ದೂ ನಾನು ಬಗ್ಗಿ ನೋಡಿದೆ. ಅವರು ಕೂದಲನ್ನು ಎದುರಾಗಿ ತೀಡಿದರು, ಮತ್ತೆ ತೀಡಿದರು.

"ಇಲ್ಲ" ಎಂದರು. "ಬಂದು ನಮ್ದನ್ನ ಹೊಡ್ಕೊಂಡ್ ಹೋಗಪ್ಪ."

ಹೊರಡುವಾಗ ನನ್ನ ಕಡೆ ತಿರುಗಿ, "ಗುರುತು ಹಾಕ್ಲೇಬೇಕು ಅಂದ್ರೆ ಕೊಂಬಿನ ಮೇಲೆ ಹಾಕು ತಾಯಿ. ಅಲ್ಲಿ ಕೂದಲಿಲ್ಲ" ಎಂದರು.

ಈಗ ಕೊಂಬಿನ ಮೇಲೆಯೇ ಹಾಕುತ್ತೇನೆ. ಆ ಪೇಜಿನವನು ಅದನ್ನೂ ಒರೆಸಿ ಹಾಕಿಕೊಳ್ಳುತ್ತಾನೆ, ನಾನೂ ಮತ್ತೆ ಉರಿದುಬೀಳುತ್ತೇನೆ. ಜೋಡಿ ಎತ್ತುಗಳು ತೆಂಗಿನ ಸಾಲಿನಲ್ಲಿ ಉಳುತ್ತಿವೆ. ತವರಿಗೆ ಹೋದಾಗಲೆಲ್ಲ ಕಾಲು ತೊಳೆಯುವ ಮೊದಲೇ ನಾನು ಕೊಟ್ಟಿಗೆಗೆ ಹೋಗುತ್ತೇನೆ. ಕೈ ತಾನಾಗಿ ಆ ಬೆನ್ನಿನ ನಡುವೆ ಹೋಗುತ್ತದೆ. ಎತ್ತಿಗೂ ಅಭ್ಯಾಸವಾಗಿದೆ, ಈಗ ಬುಸುಗುಟ್ಟುವುದಿಲ್ಲ. ಹೋದ ತಿಂಗಳು ಹಾಗೆ ಕೈಯಾಡಿಸುತ್ತ ನಿಂತಿದ್ದಾಗ ಹಿಂದಿನಿಂದ ಮಾವನ ದನಿ ಕೇಳಿಸಿತು.

"ಇಲ್ಲ ಬಿಡೇ. ಬೆಳಿಗ್ಗೇನೇ ನೋಡಿದೀನಿ."