ಇಂಟರ್‌ನೆಟ್ಟಿಗೊಂದು ಡಂಗುರ

ನನ್ನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಸರಕಾರ ತನ್ನ ಕಾಗದಪತ್ರವನ್ನೆಲ್ಲ ಇಂಟರ್‌ನೆಟ್ಟಿನಲ್ಲಿ ಬಿಚ್ಚಿಡುತ್ತದೆಂದು ಕೇಳಿದಾಗ, ನನ್ನಂಥವನೇ ಇನ್ನೊಬ್ಬ ಸಿಕ್ಕನೆಂದು ಹಿಗ್ಗಿದೆ.

ಒಂದು ಮುಂಜಾನೆ ನಮ್ಮೂರ ವಾಲೀಕಾರ ಯಮನಪ್ಪ ಹಲಗೆ ಬಾರಿಸುತ್ತ ಬಂದ. ಊರಿಗೆ ಏನು ತಿಳಿಸುವುದಿದ್ದರೂ ಡಂಗುರ ಸಾರುವವನು ಅವನೇ.

"ಕೇಳ್ರಪೋ ಕೇಳ್ರಿ, ಇಂಟರ್‌ನೆಟ್ಟಿನ್ಯಾಗ ಒಂದು ನೋಟೀಸ ಬಂದೈತಿ. ತಕರಾರ ಇದ್ದವ್ರು ಹದಿನೈದ ದಿನದಾಗ ಹಾಕಬೇಕ್ರಿ."

"ಯಾವುದರ ನೋಟೀಸೋ?" ಎಂದೆ.

"ಅದನ್ನ ಹೇಳು ಅಂದಿಲ್ರಿ ಮಾಸ್ತರ್ರ. ಐತಿ ಅಂತ ಹೇಳು ಅಂದಾರ."

ಊರಲ್ಲಿ ಕಂಪ್ಯೂಟರ್ ಒಂದೂ ಇರಲಿಲ್ಲ, ತಕರಾರು ಮಾತ್ರ ಮನೆಗೆ ನಾಲ್ಕಿದ್ದವು. ಪ್ರತಿಯೊಬ್ಬನಿಗೂ ನೋಟೀಸು ತನ್ನದೇ ಅನ್ನಿಸಿತು. ಒಬ್ಬ ರಸ್ತೆಗೆ ಬಂದಿದ್ದ ಬಣವೆ ಸರಿಸಿದ, ಇನ್ನೊಬ್ಬ ಗಟಾರದ ಮೇಲಿನ ತನ್ನ ಕಟ್ಟೆಯನ್ನು ತಾನೇ ಒಡೆದ. ಓದದೆಯೇ ಇಷ್ಟು ಪರಿಣಾಮ ಮಾಡಿದ ನೋಟೀಸನ್ನು ನಾನು ಬೇರೆ ಕಂಡಿಲ್ಲ.

ನಾನು ಇಂಡಿ ಪಟ್ಟಣದ ಸೈಬರ್ ಅಂಗಡಿಗೆ ಹೋದೆ. ಪುಟ ಮೇಲಿನಿಂದ ನಿಧಾನಕ್ಕೆ ಇಳಿಯತೊಡಗಿತು. ಗಂಡಭೇರುಂಡದ ಒಂದು ತಲೆ ಮೂಡುವಷ್ಟರಲ್ಲಿ ಕರೆಂಟು ಹೋಯಿತು. ಮೂರನೆಯ ಸಲ ಹೋದಾಗ ಇಡೀ ಪಕ್ಷಿ ಬಂತು, ಅದರ ಕೆಳಗೆ ನೋಟೀಸು: ಹಳ್ಳದ ದಾರಿ ಮುಚ್ಚಿ, ಆ ಜಾಗವನ್ನು ಗುತ್ತಿಗೆದಾರರೊಬ್ಬರ ಖಡಿ ಕಲ್ಲಿನ ರಾಶಿಗೆ ಕೊಡುವುದು.

ನನ್ನ ಹೊಲಕ್ಕೂ ಅದರಾಚೆಯ ಹತ್ತು ಹೊಲಗಳಿಗೂ ಅದೊಂದೇ ದಾರಿ. ಅಮೆರಿಕದವನು ಬೇಕಾದರೆ ಕುಳಿತಲ್ಲೇ ಓದಿ ತಕರಾರು ಹಾಕಬಹುದಿತ್ತು. ಪಾಪ, ಅವನ ಎತ್ತಿಗೆ ಆ ದಾರಿ ಬೇಕಿರಲಿಲ್ಲ.

ಅಲ್ಲೇ ತಕರಾರು ಬರೆದು ಕಳಿಸಿದೆ. 'ಸ್ವೀಕರಿಸಲಾಗಿದೆ, ಸಾರ್ವಜನಿಕರು ನೋಡಬಹುದು' ಎಂದಿತು ಪುಟ. ವಾರ ಕಳೆದರೂ ಒಬ್ಬ ಸಾರ್ವಜನಿಕನೂ ನನ್ನನ್ನು ಕೇಳಲಿಲ್ಲ. ಬಾಯಿ ಕಡಿಯತೊಡಗಿತು. ಯಮನಪ್ಪನನ್ನು ಕರೆದು ಚಹಾ ಕೊಟ್ಟು, ನೋಟೀಸನ್ನೂ ತಕರಾರನ್ನೂ ಸಾರಲು ಹೇಳಿದೆ.

"ಇದಕ್ಕ ಆರ್ಡರ್ ಐತೇನ್ರಿ?"

"ಎರಡೂ ಇಂಟರ್‌ನೆಟ್ಟಿನ್ಯಾಗ ಅದಾವು."

"ಹಂಗಾರ ಸರಕಾರದ್ದ ಆತು ಬಿಡ್ರಿ," ಎಂದು ಹಲಗೆ ಎತ್ತಿಕೊಂಡ.

ಮರುದಿನವೇ ನೋಟೀಸು ಹಾಕಿದ್ದ ಕಚೇರಿಯ ಸಾಹೇಬರ ಜೀಪು ಬಂತು. ಹಳ್ಳದ ದಾರಿಯ ತುಂಬ ಊರು ನಿಂತಿತ್ತು.

"ಏನ್ ಮಾಡಿದ್ರಿ ಮಾಸ್ತರ್ರ ಇದು?"

"ನೀವು ಇಂಟರ್‌ನೆಟ್ಟಿಗೆ ಹಾಕಿದ್ದನ್ನ ಓದಿಸೇನ್ರಿ, ಅಷ್ಟ."

"ಅಲ್ಲಿ ಜಗತ್ತೆಲ್ಲಾ ನೋಡ್ಲಿ, ನನಗೇನಿಲ್ಲ. ಊರಾಗ ಯಾಕ ಹೇಳಿಸಿದ್ರಿ?" ಎಂದರು ಸಾಹೇಬರು, ನಿಜಕ್ಕೂ ನೊಂದುಕೊಂಡು.

ದಾರಿ ಉಳಿಯಿತು. ನೋಟೀಸನ್ನು ಹಿಂದಕ್ಕೆ ಪಡೆದ ಸುದ್ದಿಯನ್ನು ಸಾಹೇಬರು ಇಂಟರ್‌ನೆಟ್ಟಿಗೆ ಹಾಕಲಿಲ್ಲ. ತಮ್ಮ ಹೆಸರು ಸೇರಿಸಿ, ಯಮನಪ್ಪನಿಂದ ಎರಡು ಸಲ ಡಂಗುರ ಹೊಡೆಸಿದರು. ಅದು ಜನರಿಗೆ ತಿಳಿಯಲೇಬೇಕಾದ ಮಾತಾಗಿತ್ತು.